ಮೆಮೊರಿ ಕಾರ್ಡಿನಲ್ಲಿ ಅಶ್ವಥ್, ಕಾರ್ಡಿನಾಚೆ ಶರೀಫ

ಲಿಂಗಸುಗೂರು, ಮಸ್ಕಿ, ಸಿಂಧನೂರು ಬಸ್ ನಿಲ್ದಾಣಗಳ ಆಸುಪಾಸಿನ ಮೊಬೈಲ್ ಅಂಗಡಿಗಳಲ್ಲಿ ಪೆನ್‌ಡ್ರೈವ್‌ಗೆ, ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುವ ರೂಢಿ ಇನ್ನೂ ಪೂರಾ ನಿಂತಿಲ್ಲ. ಭತ್ತ ಹೇರುವ ಟ್ರ್ಯಾಕ್ಟರಿಗೆ, ಹಳ್ಳಿಗೆ ಮಂದಿಯನ್ನು ಒಯ್ಯುವ ಟಂಟಂಗೆ ಹಾಡು ಬೇಕೇ ಬೇಕು. ಅಂಗಡಿಯವನ ಕಂಪ್ಯೂಟರಿನಲ್ಲಿ ಡಿಜೆ ಹಾಡು, ಜಾನಪದ, ಭಕ್ತಿಗೀತೆ ಅಂತ ಬೇರೆ ಬೇರೆ ಫೋಲ್ಡರ್‌ಗಳಿರುತ್ತವೆ. ಅವುಗಳ ನಡುವೆ ‘ಅಶ್ವಥ್ ಹಿಟ್ಸ್’ ತನ್ನ ಜಾಗವನ್ನು ಬಿಟ್ಟುಕೊಟ್ಟಿಲ್ಲ. ಇದು ಯಾವುದೋ ಒಂದು ಕಂಪನಿ ಹೊರತಂದ ಒಂದೇ ಆಲ್ಬಮ್ ಅಲ್ಲ. ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಕಾರ್ಡಿಗೆ ದಾಟುತ್ತ ಕೇಳುಗರೇ ಆರಿಸಿ, ಕಳೆದು, ಕೂಡಿಸಿ ಉಳಿಸಿಕೊಂಡ ಸಂಗ್ರಹ. ಹಾಗೆಂದೇ ಇದನ್ನು ಒಂದು ಕೃತಿಯೆಂದು ಹಿಡಿದು ವಿಮರ್ಶಿಸಬೇಕು ಅನಿಸುತ್ತದೆ. ಒಬ್ಬ ಗಾಯಕನಿಂದ ಒಂದು ಸೀಮೆಯ ಜನ ಏನನ್ನು ಪಡೆದುಕೊಂಡರು, ಏನನ್ನು ಪಡೆಯದೇ ಹೋದರು ಎಂಬ ಲೆಕ್ಕ ಇದರಲ್ಲಿದೆ.

ಸಿ. ಅಶ್ವಥ್ ಈ ಸೀಮೆಯವರಲ್ಲ. 1939ರಲ್ಲಿ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿ, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ನಾಟಕಕ್ಕೆ, ಸಿನಿಮಾಕ್ಕೆ, ಕವಿತೆಗಳಿಗೆ ರಾಗ ಹಾಕಿದವರು. ಅವರ ಕಾಲದ ಸುಗಮ ಸಂಗೀತದಲ್ಲಿ ದನಿ ನಯವಾಗಿರಬೇಕು, ಕವಿತೆ ಕಿವಿಗೆ ಹಿತವಾಗಿ ಇಳಿಯಬೇಕು ಎಂಬ ಒಪ್ಪಂದವೊಂದು ಇದ್ದಂತಿತ್ತು. ಅಶ್ವಥ್ ಅದಕ್ಕೆ ಸಹಿ ಹಾಕಲಿಲ್ಲ. ಅವರದು ತೆರೆದ ಗಂಟಲು. ಏರುಸ್ವರದಲ್ಲಿ ದನಿ ಒಡೆದರೂ ಲೆಕ್ಕಿಸುವುದಿಲ್ಲ; ಆ ಒಡಕಿನಲ್ಲೇ ಹಾಡಿನ ಜೀವ ಇರುತ್ತದೆ. ಬಯಲಲ್ಲಿ ನಿಂತು ಆಚೆ ಹೊಲದವನನ್ನು ಕೂಗಿ ಕರೆಯುವ ದನಿಯ ಪರಿಚಯ ಇರುವ ಮಂದಿಗೆ ಇದು ಕೂಡಲೇ ತಮ್ಮದೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಸಂಗ್ರಹದ ಹೃದಯ ಶಿಶುನಾಳ ಶರೀಫರ ಪದಗಳು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ 1990ರಲ್ಲಿ ಬರುವುದಕ್ಕೂ ಮೊದಲೇ ಕ್ಯಾಸೆಟ್ಟಿನಲ್ಲಿ ಮನೆಮನೆ ತಲುಪಿದ್ದ ಹಾಡುಗಳಿವು. ಇವುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಆರಿಸುವುದು ‘ಸೋರುತಿಹುದು ಮನೆಯ ಮಾಳಿಗಿ’. ಬೆಂಗಳೂರಿನ ಸಭಾಂಗಣದಲ್ಲಿ ಕೂತವರಿಗೆ ಅದು ಅಜ್ಞಾನದ ರೂಪಕ. ಸಿಂಧನೂರು, ಮಸ್ಕಿ ಕಡೆಯ ಹಳ್ಳಿಗಳಲ್ಲಿ ಅದು ಮೊದಲು ಮನೆ, ಆಮೇಲೆ ರೂಪಕ. ಕಟ್ಟಿಗೆಯ ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹಾಕದಿದ್ದರೆ ಎಲ್ಲಿ ಹನಿಯುತ್ತದೆ, ಯಾವ ಮೂಲೆಗೆ ಬೋಗುಣಿ ಇಡಬೇಕು ಎಂಬುದು ಮನೆಯ ಹೆಂಗಸರಿಗೆ ಗೊತ್ತು. ಅಶ್ವಥ್ ಈ ಪದವನ್ನು ಉಪದೇಶವಾಗಿ ಹಾಡುವುದಿಲ್ಲ. ಸೋರುವ ಮನೆಯೊಳಗೇ ನಿಂತವರ ಹಾಗೆ, ಯಾರೂ ಬಂದು ರಿಪೇರಿ ಮಾಡುವುದಿಲ್ಲ ಎಂದು ತಿಳಿದವರ ಹಾಗೆ ಹಾಡುತ್ತಾರೆ. ದನಿ ಆತುರಪಡುವುದಿಲ್ಲ. ಕೊನೆಯ ಸ್ವರವನ್ನು ಎಳೆದು ಬಿಡುವಾಗ ಅದರಲ್ಲಿ ಅಳುವೂ ಇಲ್ಲ, ಸಮಾಧಾನವೂ ಇಲ್ಲ, ಬರೀ ಅರಿವಿದೆ. ಹಳೇ ಮೈಸೂರು ಸೀಮೆಯವರೊಬ್ಬರು ನಮ್ಮ ಕಡೆಯ ನುಡಿಯನ್ನು ತಿದ್ದಿ ಶಿಷ್ಟಗೊಳಿಸದೆ ಹಾಗೇ ಹಾಡಿದ್ದಕ್ಕೆ ನಾವು ಕೃತಜ್ಞರಾಗಿರಬೇಕು.

‘ತರವಲ್ಲ ತಗಿ ನಿನ್ನ ತಂಬೂರಿ’ಯಲ್ಲಿ ಅದೇ ಗಂಟಲು ಗದರಿಸುತ್ತದೆ. ಬಾರಿಸಲು ಬಾರದವನ ಕೈಯಿಂದ ವಾದ್ಯ ಕಸಿಯುವ ಸಿಟ್ಟು ಅಲ್ಲಿ ನಿಜವಾದದ್ದು. ಆದರೆ ಎಲ್ಲ ಪದಗಳಿಗೂ ಈ ನ್ಯಾಯ ಸಿಕ್ಕಿಲ್ಲ. ಬೆಡಗಿನ ಪದಗಳಲ್ಲಿ ಕೋರಸ್ಸು, ಕೀಬೋರ್ಡು, ರಿದಂ ಪ್ಯಾಡುಗಳು ಸೇರಿಕೊಂಡಾಗ ಒಗಟು ಕರಗಿ ಕುಣಿತ ಮಾತ್ರ ಉಳಿಯುತ್ತದೆ. ಒಂದು ನುಡಿ ಹೇಳಿ, ನಿಂತು, ಅದರ ಅರ್ಥ ಏನಪ್ಪ ಎಂದು ಪಕ್ಕದವರನ್ನು ಕೇಳಿ, ಮತ್ತೆ ಅದೇ ನುಡಿಗೆ ಮರಳುವುದು ಏಕತಾರಿ, ದಮ್ಮಡಿ ಹಿಡಿದು ಕೂಡುವ ಭಜನೆಯವರ ಪದ್ಧತಿ. ಕಡಕೋಳದ ಮಡಿವಾಳಪ್ಪ, ಚೆನ್ನೂರಿನ ಜಲಾಲಸಾಹೇಬರ ತತ್ವಪದಗಳು ಈ ಭಾಗದಲ್ಲಿ ಉಳಿದು ಬಂದದ್ದು ಆ ಬಿಡುವಿನಿಂದಲೇ. ನಾಲ್ಕೈದು ನಿಮಿಷದೊಳಗೆ ಮುಗಿಯಬೇಕಾದ ರೆಕಾರ್ಡಿಂಗ್‌ಗೆ ಆ ಬಿಡುವು ಎಲ್ಲಿಂದ ಬರಬೇಕು? ಅಶ್ವಥ್ ಅವರ ಅತ್ಯುತ್ತಮ ಹಾಡುಗಳು ವಾದ್ಯ ಕಡಿಮೆ ಇರುವ ಹಾಡುಗಳು ಎಂಬುದು ಆಕಸ್ಮಿಕವಲ್ಲ. ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’ ಕೇಳಿ ನೋಡಿ. ಕಡಲನ್ನೇ ಕಾಣದ ನಮ್ಮ ಎರೆಹೊಲದ ಸೀಮೆಯಲ್ಲಿ ಆ ಹಂಬಲ ಅರ್ಥವಾಗುವುದು ಆ ದನಿಯೊಂದರಿಂದ.

ಇನ್ನು ನನ್ನ ದೊಡ್ಡ ತಕರಾರು. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನಾಡಿಗೇ ಹೆಸರಾದದ್ದು. ಹುಸೇನಿ ಆಲಂ ದರ್ಶನಕ್ಕೆ ಜಾತಿ, ಮತ ಎನ್ನದೆ ಮಂದಿ ಸೇರುತ್ತಾರೆ. ಊರೂರಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಮೇಳದವರು ರಿವಾಯತ್ ಪದ ಹೇಳುತ್ತಾರೆ. ಕರ್ಬಲಾದ ನೀರಡಿಕೆ, ಹಸನ್ ಹುಸೇನರ ಸಂಕಟ ಇಲ್ಲಿ ಕನ್ನಡದಲ್ಲಿ ಹಾಡಾಗುತ್ತದೆ, ಹಾಡುವವರಲ್ಲಿ ಅನೇಕರು ಹಿಂದೂಗಳಾಗಿದ್ದರೂ ಯಾರಿಗೂ ಅದು ಸೋಜಿಗವಲ್ಲ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಇದೇ ಪರಂಪರೆಯ ಕವಿ. ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿ ತತ್ವಪದ ಕಟ್ಟಿದ ಹಾಗೆಯೇ ಮೊಹರಮ್ಮಿಗೆ ರಿವಾಯತ್ ಪದಗಳನ್ನೂ ಕಟ್ಟಿದರು. ನಾನು ಕೇಳಿದ ಯಾವ ಹಿಟ್ಸ್ ಸಂಗ್ರಹದಲ್ಲೂ ಅವುಗಳ ಸುಳಿವಿಲ್ಲ. ಭಾವೈಕ್ಯದ ಸಂತ ಎಂದು ಶರೀಫರನ್ನು ಹಾಡಿ ಹೊಗಳುತ್ತೇವೆ, ಆ ಭಾವೈಕ್ಯ ನಿಜವಾಗಿ ನಡೆದ ಜಾಗವಾದ ಅಲಾಯಿ ಕುಣಿಯನ್ನು ಮಾತ್ರ ಹೊರಗಿಡುತ್ತೇವೆ. ಇದು ಅಶ್ವಥ್ ಒಬ್ಬರ ದೋಷವಲ್ಲ. ಆಯ್ಕೆ ನಗರದ ಸುಗಮ ಸಂಗೀತದ್ದು, ಅದು ಒಪ್ಪಿದ ಶರೀಫ ಮಾತ್ರ ನಮಗೂ ಬಂದ. ಮುದಗಲ್ಲಿನ ನೆಲದಲ್ಲೇ ನಿಂತು ಕಾರ್ಡಿನಲ್ಲಿ ಅರ್ಧ ಶರೀಫನನ್ನು ಕೇಳಬೇಕಾಗಿ ಬಂದದ್ದು ನನ್ನ ಮನಸ್ಸನ್ನು ಇವತ್ತಿಗೂ ನೋಯಿಸುತ್ತದೆ.

‘ಮೈಸೂರು ಮಲ್ಲಿಗೆ’, ‘ನಾಗಮಂಡಲ’ದ ಹಾಡುಗಳೂ ಈ ಫೋಲ್ಡರಿನಲ್ಲಿ ಸಿಗುತ್ತವೆ. ಅವುಗಳ ಗುಣದ ಬಗ್ಗೆ ಬೇರೆಯಾಗಿ ಬರೆಯುವುದೇನೂ ಇಲ್ಲ, ಚೆನ್ನಾಗಿವೆ. ಆದರೆ ಕವಿಯ ಹೆಸರು ಎಲ್ಲೂ ಇಲ್ಲ. ಶಿವಮೊಗ್ಗ ಸುಬ್ಬಣ್ಣನವರು ಹಾಡಿದ ಶರೀಫರ ಪದಗಳೂ ಅಶ್ವಥ್ ಹೆಸರಿನಡಿ ಸೇರಿಹೋಗಿವೆ. ಇಬ್ಬರ ದನಿಯ ಸ್ವಭಾವವೇ ಬೇರೆ: ಸುಬ್ಬಣ್ಣನವರದು ಗಂಭೀರವಾಗಿ ತುಂಬಿಕೊಂಡ ಕಂಠ, ಅಶ್ವಥ್ ಅವರದು ಸಿಡಿಯುವ ಕಂಠ. ಎರಡನ್ನೂ ಒಂದೇ ಹೆಸರಲ್ಲಿ ಕಟ್ಟಿದರೆ ಇಬ್ಬರಿಗೂ ಅನ್ಯಾಯ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮದ ಧ್ವನಿಮುದ್ರಣಗಳೂ ಕೆಲವು ಕಾರ್ಡುಗಳಲ್ಲಿವೆ. ಅಷ್ಟು ದೊಡ್ಡ ಜನಸಾಗರದ ಎದುರು ಆ ದನಿ ಹಿಗ್ಗಿದೆ, ನಿಜ. ಹಾಡಿನ ಒಳಗುಟ್ಟು ಅಲ್ಲಿ ಸ್ವಲ್ಪ ತೆಳುವಾಗಿದೆ ಎಂಬುದೂ ನಿಜ.

2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ ಅಶ್ವಥ್ ತೀರಿಕೊಂಡರು. ಅವರ ಗಂಟಲಿಗೆ ಹೊಂದುವ ಸಂಗ್ರಹವನ್ನು ಈಗಲಾದರೂ ಯಾರಾದರೂ ಕಟ್ಟಬೇಕು. ಅಬ್ಬರದ ವಾದ್ಯದ ಹಾಡುಗಳನ್ನು ಕೈಬಿಟ್ಟು, ಪ್ರತಿ ಹಾಡಿಗೂ ಕವಿ ಮತ್ತು ಗಾಯಕರ ಹೆಸರು ಹಾಕಿ, ಹತ್ತು ಹನ್ನೆರಡು ಹಾಡು ಉಳಿಸಿಕೊಂಡರೂ ಸಾಕು. ಅವುಗಳ ಜೊತೆಗೆ ಶರೀಫರ ಒಂದೆರಡು ರಿವಾಯತ್ ಪದಗಳನ್ನು ಲಿಂಗಸುಗೂರು ಕಡೆಯ ಮೇಳದವರಿಂದಲೇ ಹಾಡಿಸಬೇಕು. ಸ್ಟುಡಿಯೋಕ್ಕೆ ಕರೆಯುವುದು ಬೇಡ. ಮೊಹರಮ್ಮಿನ ಕತ್ತಲ ರಾತ್ರಿಯಂದು ಹಲಗೆಯ ಸದ್ದು, ಹೆಜ್ಜೆಯ ಸದ್ದು ಎಲ್ಲ ಕೂಡಿಯೇ ರೆಕಾರ್ಡ್ ಆಗಲಿ.