ಕೇಳುವುದಕ್ಕೆ ಸೈ, ಆಳುವುದಕ್ಕಲ್ಲ

ಬೊರಿವಲಿ, ಮುಲುಂಡ್, ಚೆಂಬೂರು ಕಡೆಯ ಯಾವುದಾದರೂ ಹಳೆಯ ಸೊಸೈಟಿಯ ಟೆರೇಸ್ ಹತ್ತಿ ನೋಡಿ. ನೀರಿನ ಟಾಕಿಯ ಪಕ್ಕ ಲಿಫ್ಟ್ ರೂಮು, ಅದರ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ, ಒಳಗೊಂದು ಸ್ವಿಚ್ಚು. ಮಳೆಗಾಲಕ್ಕೆ ಮುಂಚೆ ಪೆಟ್ಟಿಗೆಯ ಮೇಲೊಂದು ನೀಲಿ ಪ್ಲಾಸ್ಟಿಕ್ಕು ಬೀಳುತ್ತದೆ. ಅಲ್ಲಿಂದ ಹೊರಟ ಕಪ್ಪು ಫೈಬರ್ ವೈರು ಪಕ್ಕದ ಬಿಲ್ಡಿಂಗಿಗೆ ಹಾರುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಇದನ್ನು ನೋಡಿಕೊಳ್ಳುವವನು ಟೆರೇಸ್ ಹತ್ತುವುದು ಅಪರೂಪ. ಅಂಧೇರಿಯಲ್ಲೋ ಪವಾಯಿಯಲ್ಲೋ ಕಪ್ಪು ಪರದೆಯ ಮುಂದೆ ಕೂತು ‘ಎಸ್‌ಎನ್‌ಎಂಪಿವಾಕ್’ ಎಂದು ಟೈಪ್ ಮಾಡಿ, ಸ್ವಿಚ್ಚಿನ ಐಪಿ ವಿಳಾಸ ಕೊಟ್ಟು, ಎಂಟರ್ ಒತ್ತುತ್ತಾನೆ. ಸ್ವಿಚ್ಚು ತನ್ನ ಜಾತಕವನ್ನೆಲ್ಲ ಸಾಲುಸಾಲಾಗಿ ಒಪ್ಪಿಸುತ್ತದೆ.

ಈ ಕಮಾಂಡು ಮತ್ತು ಅದರ ಸುತ್ತ ಬೆಳೆದ ಅಭ್ಯಾಸ ಎರಡನ್ನೂ ತೂಗಿ ನೋಡುವ ಹೊತ್ತು ಬಂದಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಉಪಕರಣ ಚೆನ್ನಾಗಿದೆ, ಅದನ್ನು ಬಳಸುವ ರೀತಿ ಕೆಟ್ಟಿದೆ.

ಕಮಾಂಡಿನ ಹಿಂದಿರುವ, ನೆಟ್‌ವರ್ಕ್ ಸಾಧನಗಳ ಜೊತೆ ಮಾತಾಡುವ ಒಪ್ಪಂದ ಎಸ್‌ಎನ್‌ಎಂಪಿ. ಜೆಫ್ರಿ ಕೇಸ್ ಮತ್ತು ಮೂವರು ಜೊತೆಗಾರರು ಬರೆದ ಅದರ ಮೊದಲ ಕರಡು ಹೊರಬಂದದ್ದು 1988ರ ಆಗಸ್ಟಿನಲ್ಲಿ. ಮುಂದೆ ಬೇರೊಂದು ಭಾರೀ ವ್ಯವಸ್ಥೆ ಬರಲಿದೆ, ಅಲ್ಲಿಯವರೆಗೆ ಇದು ಸಾಕು ಎಂಬ ತಾತ್ಕಾಲಿಕ ಏರ್ಪಾಡು ಅದು. ಭಾರೀ ವ್ಯವಸ್ಥೆ ಬರಲಿಲ್ಲ, ತಾತ್ಕಾಲಿಕವೇ ಗಟ್ಟಿಯಾಯಿತು. ಆಗ ಮುಂಬೈಯಲ್ಲಿ ನೆಟ್‌ವರ್ಕ್ ಎಂದರೆ ಜುಹುವಿನ ಎನ್‌ಸಿಎಸ್‌ಟಿ. ಬೆಂಗಳೂರಿನ ಐಐಎಸ್‌ಸಿ ಮತ್ತು ಐಐಟಿಗಳ ಜೊತೆ ಅದು 1986ರಲ್ಲಿ ಶುರುವಾದ ಶಿಕ್ಷಣ–ಸಂಶೋಧನಾ ಜಾಲ ಅರ್ನೆಟ್‌ನ ಪಾಲುದಾರ ಸಂಸ್ಥೆ. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ಕ್ಕೆ. ಅದೇ ವರ್ಷ ಟೋಬಿಯಾಸ್ ಓಟಿಕರ್ ಎಂಬಾತ ಎಂಆರ್‌ಟಿಜಿ ಬರೆದ. ಐದು ನಿಮಿಷಕ್ಕೊಮ್ಮೆ ರೌಟರನ್ನು ಕೇಳಿ ಹಸಿರು–ನೀಲಿ ಗ್ರಾಫು ಬರೆಯುವ ಆ ಪ್ರೋಗ್ರಾಮಿನಿಂದ ಬಂದ ಐದು ನಿಮಿಷದ ರೂಢಿ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ.

ಕಮಾಂಡಿನ ಗುಣ ಕಾಣಬೇಕಾದರೆ ಯುಪಿಎಸ್ಸನ್ನೇ ಕೇಳಿ ನೋಡಬೇಕು. ಯುಪಿಎಸ್‌ಗಳಿಗೆಂದೇ 1994ರಲ್ಲಿ ಒಂದು ಎಂಐಬಿ, ಅಂದರೆ ಏನೇನು ಕೇಳಬಹುದು ಎಂಬ ಪಟ್ಟಿ, ನಿಗದಿಯಾಯಿತು. ಬ್ಯಾಟರಿಯ ಸಂಗತಿಯೆಲ್ಲ 1.3.6.1.2.1.33.1.2 ಎಂಬ ಕವಲಿನಲ್ಲಿದೆ. ಅದರ ಕೆಳಗಿನ 1 ಬ್ಯಾಟರಿಯ ಸ್ಥಿತಿ; ಉತ್ತರ 2 ಎಂದು ಬಂದರೆ ಕ್ಷೇಮ, 3 ಎಂದರೆ ಇಳಿದಿದೆ, 4 ಎಂದರೆ ಮುಗಿಯಿತು. ಕವಲಿನ 2 ಬ್ಯಾಟರಿಯ ಮೇಲೆ ಓಡುತ್ತಿರುವ ಸೆಕೆಂಡುಗಳು, 3 ಉಳಿದ ನಿಮಿಷಗಳ ಅಂದಾಜು, 4 ಶೇಕಡಾವಾರು ಚಾರ್ಜು, 7 ಉಷ್ಣತೆ. ಯಾವ ಕಂಪನಿಯ ಯುಪಿಎಸ್ಸೇ ಇರಲಿ, ಈ ಪಟ್ಟಿಗೆ ಬದ್ಧವಾಗಿದ್ದರೆ ಅದೇ ಪ್ರಶ್ನೆಗೆ ಅದೇ ಅರ್ಥದ ಉತ್ತರ. ಬಣ್ಣ ಇಲ್ಲ, ಮುಳ್ಳಿನ ಮೀಟರಿನ ಚಿತ್ರ ಇಲ್ಲ, ಮಾರುವವನ ಲೋಗೊ ಇಲ್ಲ. ಲಕ್ಷಗಟ್ಟಲೆ ಸುರಿದು ತಂದ ಡ್ಯಾಶ್‌ಬೋರ್ಡು ತೋರಿಸುವುದೂ ಇದೇ ಅಂಕಿಗಳನ್ನು, ಒಂದಿಷ್ಟು ತಡವಾಗಿ.

2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಸುಮಾರಿಗೆ ಗ್ರಿಡ್ ಕೈಕೊಟ್ಟು ಮುಂಬೈಯ ಬಹುಪಾಲಿಗೆ ಕರೆಂಟು ಹೋಯಿತಲ್ಲ, ಲೋಕಲ್‌ಗಳು ನಿಂತಲ್ಲೇ ನಿಂತವು. ಕೋವಿಡ್ ಕಾಲ, ಊರಿಗೆ ಊರೇ ಮನೆಯಿಂದ ಕೆಲಸ ಮಾಡುತ್ತಿತ್ತು. ಅಂಥ ಹೊತ್ತಿನಲ್ಲಿ ನೂರು ಕಡೆಯ ಯುಪಿಎಸ್‌ಗಳಿಂದ ಉಳಿದ ನಿಮಿಷ ಕೇಳಿ, ಕಡಿಮೆಯದನ್ನು ಮೇಲಕ್ಕೆ ತಂದು, ಜನರೇಟರ್ ಎಲ್ಲಿಗೆ ಮೊದಲು ಎಂದು ತೀರ್ಮಾನಿಸಲು ಹತ್ತು ಸಾಲಿನ ಶೆಲ್ ಸ್ಕ್ರಿಪ್ಟು ಸಾಕು. ಮೌಸು ಹಿಡಿದು ನೂರು ವೆಬ್ ಪುಟ ತೆರೆಯುವವನಿಗೆ ಆ ಪಟ್ಟಿ ಸಿಗುವಷ್ಟರಲ್ಲಿ ಮಧ್ಯಾಹ್ನ. ಆದರೆ ಒಂದು ಮಾತು: ಸಾಧನ ಹೇಳುವುದು ಅದು ನಂಬಿಕೊಂಡಿದ್ದನ್ನು. ಮುದಿ ಬ್ಯಾಟರಿ ನಲವತ್ತು ನಿಮಿಷ ಇದೆ ಎಂದು ಹೇಳಿ ನಾಲ್ಕೇ ನಿಮಿಷಕ್ಕೆ ಮಲಗುವುದು ಈ ಕಸುಬಿನವರಿಗೆಲ್ಲ ಗೊತ್ತು. ಇನ್ನು ಅಗ್ಗದ ಯುಪಿಎಸ್‌ಗಳಿಗೆ ನೆಟ್‌ವರ್ಕ್ ಕಾರ್ಡೇ ಇರುವುದಿಲ್ಲ, ಅವನ್ನು ಕೇಳುವುದಾದರೂ ಏನನ್ನು?

ಉತ್ತರ ಬಂದಾಗಿನ ಕಥೆ ಇದು. ಉತ್ತರ ಬಾರದಾಗಲೇ ಪಜೀತಿ. ‘ಟೈಮ್‌ಔಟ್: ನೋ ರೆಸ್ಪಾನ್ಸ್’ ಎಂಬ ಒಂದೇ ಸಾಲಿಗೆ ಅರ್ಥ ನಾಲ್ಕು. ಸಾಧನ ಸತ್ತಿರಬಹುದು, ನಡುವಿನ ಫೈಬರ್ ತುಂಡಾಗಿರಬಹುದು, ನಡುವೆ ಯಾವುದೋ ಫೈರ್‌ವಾಲ್ ತಡೆದಿರಬಹುದು, ಇಲ್ಲವೇ ನೀವು ಕೊಟ್ಟ ಕಮ್ಯುನಿಟಿ ಹೆಸರೇ, ಅಂದರೆ ಒಳಗೆ ಬಿಡುವ ಗುಟ್ಟಿನ ಪದವೇ, ತಪ್ಪಿರಬಹುದು. ಎಸ್‌ಎನ್‌ಎಂಪಿಯ ಹಳೆಯ ಎರಡು ಆವೃತ್ತಿಗಳಲ್ಲಿ ತಪ್ಪು ಹೆಸರು ಹಿಡಿದು ಬಂದವನಿಗೆ ಸಾಧನ ಬಾಯಿಯನ್ನೇ ಬಿಡುವುದಿಲ್ಲ. ಹಾಜರಿ ಕರೆಯುವ ಮೇಷ್ಟ್ರಿಗೆ ಹುಡುಗ ಬಂದಿಲ್ಲವೋ, ಬಂದು ಮುನಿಸಿಕೊಂಡು ಕೂತಿದ್ದಾನೋ ತಿಳಿಯದ ಸ್ಥಿತಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ದಿನ ನಾಲ್ಕು ಅರ್ಥಗಳಲ್ಲಿ ಮೂರಂತೂ ಒಟ್ಟಿಗೇ ನಿಜವಾಗಬಹುದು. ತೊಂದರೆಯಾದಾಗ ಸಾಧನ ತಾನಾಗಿ ಕಳಿಸುವ ಟ್ರ್ಯಾಪ್ ಇದೆಯಲ್ಲ ಎನ್ನುವವರಿದ್ದಾರೆ. ಅದೂ ಯುಡಿಪಿಯ ಮೇಲೆ ಬರುವಂಥದ್ದು, ದಾರಿಯಲ್ಲಿ ಕಳೆದುಹೋದರೆ ಕೇಳುವವರಿಲ್ಲ.

ಎರಡನೆಯ ತಕರಾರು ಸರಾಸರಿಯದು. ಐದು ನಿಮಿಷಕ್ಕೆ 300 ಸೆಕೆಂಡು. ಅದರಲ್ಲಿ 20 ಸೆಕೆಂಡು ಲಿಂಕು ಪೂರ್ತಿ ತುಂಬಿ, ಉಳಿದ ಹೊತ್ತು ಖಾಲಿ ಇದ್ದರೆ ಗ್ರಾಫು ತೋರಿಸುವುದು ಶೇ. 7ರ ಆಸುಪಾಸು. ಕ್ರಿಕೆಟ್ಟಿನ ಕೊನೆಯ ಓವರಿಗೆ ಚಿತ್ರ ಗಿರಗಿರ ತಿರುಗಿದ್ದು ನಿಜ, ಗ್ರಾಫಿನಲ್ಲಿ ಏನೂ ಇಲ್ಲ ಎಂದದ್ದೂ ನಿಜ. ಗ್ರಾಹಕನಿಗೆ ‘ನಮ್ಮ ಕಡೆಯಿಂದ ಎಲ್ಲ ಸರಿಯಿದೆ’ ಎನ್ನುವ ಹುಡುಗ ಸುಳ್ಳು ಹೇಳುತ್ತಿಲ್ಲ, ಅವನ ಅಂಕಿ ಹಾಗೆ ಹೇಳುತ್ತಿದೆ. ಕೌಂಟರಿನದೂ ಅಂಥದೇ ಪೇಚು. ಹಳೆಯ 32 ಬಿಟ್‌ನ ಬೈಟ್ ಎಣಿಕೆ 429 ಕೋಟಿ ದಾಟುತ್ತಲೇ ಸೊನ್ನೆಗೆ ಮರಳುತ್ತದೆ. ಒಂದು ಗಿಗಾಬಿಟ್ ಲಿಂಕು ತುಂಬಿ ಹರಿದರೆ 34 ಸೆಕೆಂಡಿಗೊಂದು ಸುತ್ತು. ಐದು ನಿಮಿಷಕ್ಕೊಮ್ಮೆ ಇಣುಕುವವನಿಗೆ ನಡುವೆ ಎಷ್ಟು ಸುತ್ತು ಆಯಿತೆಂದು ಹೇಗೆ ತಿಳಿಯಬೇಕು? ಇದಕ್ಕೆ 64 ಬಿಟ್‌ನ ಕೌಂಟರ್ ಬಂದು ಎಷ್ಟೋ ಕಾಲವಾಯಿತು. ಆದರೆ ಮೊದಲ ಆವೃತ್ತಿಯಲ್ಲಿ ಕೇಳಿದರೆ ಅದು ಸಿಗುವುದಿಲ್ಲ, ಮತ್ತು ಹಳೆಯ ಸ್ಕ್ರಿಪ್ಟನ್ನು ಕಾಪಿ ಹೊಡೆದು ಹೊಡೆದು ಬಳಸುವವರು ಕೇಳುವುದು ಮೊದಲ ಆವೃತ್ತಿಯಲ್ಲೇ. ಸಾಧನ ಶುರುವಾಗಿ ಎಷ್ಟು ಹೊತ್ತಾಯಿತೆಂದು ಹೇಳುವ ಎಣಿಕೆಯೂ 497 ದಿನಕ್ಕೆ ಸೊನ್ನೆಯಾಗುತ್ತದೆ. ವರ್ಷಕ್ಕೂ ಮಿಕ್ಕಿ ಅಲುಗಾಡದೆ ಓಡಿದ ರೌಟರಿನ ಮೇಲೆ ನಡುರಾತ್ರಿ ‘ರೀಬೂಟ್ ಆಗಿದೆ’ ಎಂಬ ಆಪಾದನೆ ಬರುವುದು ಹೀಗೆ.

ಇವೆಲ್ಲ ತಿಳಿದು ಬಳಸಿದರೆ ಸುಧಾರಿಸಿಕೊಳ್ಳಬಹುದಾದ ದೋಷಗಳು. ಕ್ಷಮಿಸಲಾಗದ್ದು ‘ಪಬ್ಲಿಕ್’. ಓದಲು ಪಬ್ಲಿಕ್, ಬರೆಯಲು ಪ್ರೈವೇಟ್ ಎಂದು ಡಬ್ಬಿ ಬಿಚ್ಚಿದಾಗ ಬಂದ ಕಮ್ಯುನಿಟಿ ಹೆಸರುಗಳನ್ನು ಹಾಗೆಯೇ ಬಿಟ್ಟು ಸ್ವಿಚ್ಚನ್ನು ಗೋಡೆಗೆ ತೂಗುಹಾಕುವವರಿದ್ದಾರೆ. ಬದಲಾಯಿಸಿದರೂ ಆ ಹೆಸರು ತಂತಿಯ ಮೇಲೆ ಮುಚ್ಚುಮರೆಯಿಲ್ಲದೆ ಹರಿಯುತ್ತದೆ, ಅದು ಬೇರೆ ಮಾತು. ಗುಪ್ತಲಿಪಿಯಿರುವ ಮೂರನೆಯ ಆವೃತ್ತಿ ಈಗಿನ ರೂಪಕ್ಕೆ ಬಂದದ್ದು 2002ರ ಡಿಸೆಂಬರ್‌ನಲ್ಲಿ. ಹೆಸರು ತಪ್ಪಿದರೆ ‘ಈ ಹೆಸರಿನವರು ನನಗೆ ಗೊತ್ತಿಲ್ಲ’ ಎಂದಾದರೂ ಅದು ಹೇಳುತ್ತದೆ, ನಾಲ್ಕು ಅರ್ಥದ ಮೌನದಲ್ಲಿ ಒಂದು ಕಡಿಮೆಯಾಯಿತು. ಆದರೂ ಯಾಕೆ ಬಳಸುವುದಿಲ್ಲವೆಂದರೆ ಸಾಲು ಉದ್ದ: ಬಳಕೆದಾರನ ಹೆಸರು, ಎರಡು ಪಾಸ್‌ವರ್ಡು, ಎರಡು ಲೆಕ್ಕಾಚಾರದ ಹೆಸರು. ಹಾಗೆ ಟೈಪ್ ಮಾಡಿದ ಪಾಸ್‌ವರ್ಡು ಶೆಲ್ಲಿನ ಹಿಸ್ಟರಿಯಲ್ಲಿ ಬಿದ್ದುಕೊಂಡಿರುತ್ತದೆ ಎಂಬುದು ಈ ಕಮಾಂಡುಗಳ ನಿಜವಾದ ಕೊರತೆ. ಈ ಕಮಾಂಡುಗಳನ್ನು ಒದಗಿಸುವ ನೆಟ್-ಎಸ್‌ಎನ್‌ಎಂಪಿಯಲ್ಲಿ ಪಾಸ್‌ವರ್ಡುಗಳನ್ನು ಮನೆಯ ಡೈರೆಕ್ಟರಿಯ ಒಂದು ಫೈಲಿನಲ್ಲಿ ಬರೆದಿಟ್ಟು ಬೀಗ ಹಾಕುವ ಸೌಲಭ್ಯವಿದೆ. ಕೈಪಿಡಿ ಓದಿದವರಿಗೆ ಮಾತ್ರ ಅದು ಗೊತ್ತು.

ಕೇಳುವುದಷ್ಟೇ ಅಲ್ಲ, ಎಸ್‌ಎನ್‌ಎಂಪಿಸೆಟ್ ಎಂಬ ಕಮಾಂಡಿನಿಂದ ಆಳುವುದಕ್ಕೂ ಬರುತ್ತದೆ ಎಂದು ಮೊದಲಿಗೆ ಹೇಳಿದ್ದರು. 2002ರ ಜೂನಿನಲ್ಲಿ ಅಮೆರಿಕದಲ್ಲಿ ಇಂಟರ್ನೆಟ್ಟಿನ ಹಿರಿಯರು ನೆಟ್‌ವರ್ಕ್ ನಡೆಸುವವರನ್ನು ಕೂರಿಸಿ ಕೇಳಿದಾಗ ಬಂದ ಉತ್ತರ ನೇರವಾಗಿತ್ತು: ನಿಗಾ ಇಡಲು ಬಳಸುತ್ತೇವೆ, ಕಾನ್ಫಿಗರ್ ಮಾಡಲು ಬಳಸುವುದಿಲ್ಲ. ಅದರ ಫಲವಾಗಿ 2006ರಲ್ಲಿ ಕಾನ್ಫಿಗರ್ ಮಾಡಲೆಂದೇ ನೆಟ್‌ಕಾನ್ಫ್ ಬಂತು. ಕೇಳದೆಯೇ ಅಂಕಿ ಹರಿಸುವ ಸ್ಟ್ರೀಮಿಂಗ್ ಟೆಲಿಮೆಟ್ರಿ ಈಗ ದೊಡ್ಡ ಡೇಟಾ ಸೆಂಟರುಗಳ ಭಾಷೆ. ಚಾಂದಿವಲಿಯ ಡೇಟಾ ಸೆಂಟರಿಗೆ ಅದು ತಕ್ಕದ್ದೇ. ಟೆರೇಸಿನ ಸ್ವಿಚ್ಚು, ಬ್ರಾಂಚಿನ ಯುಪಿಎಸ್ಸು, ಪ್ರಿಂಟರು ಇನ್ನೂ ಬಹಳ ಕಾಲ ಎಸ್‌ಎನ್‌ಎಂಪಿಯನ್ನೇ ಮಾತಾಡುತ್ತವೆ.

ಆದ್ದರಿಂದ ಬರೆಯುವ ಅನುಮತಿಯನ್ನು ಎಲ್ಲ ಕಡೆಯಿಂದ ಕಿತ್ತುಹಾಕಿ ಎಂದೇ ಹೇಳುತ್ತೇನೆ, ಒಂದು ವಿನಾಯಿತಿಯೊಂದಿಗೆ. ರ್‍ಯಾಕಿನಲ್ಲಿ ಒಂದೊಂದು ಪ್ಲಗ್ಗನ್ನೂ ದೂರದಿಂದ ಆರಿಸಿ ಹಚ್ಚಬಹುದಾದ ಪವರ್ ಸ್ಟ್ರಿಪ್ ಇದ್ದರೆ, ಕೊನೆಯ ಲೋಕಲ್ ಹೋದ ಮೇಲೆ ಭಾಂಡೂಪಿನಲ್ಲಿ ಜಡ್ಡುಗಟ್ಟಿದ ರೌಟರನ್ನು ಎಬ್ಬಿಸಲು ಒಂದು ಎಸ್‌ಎನ್‌ಎಂಪಿಸೆಟ್ ಸಾಕು. ಅದೂ ಮೂರನೆಯ ಆವೃತ್ತಿಯಲ್ಲಿ, ಒಂದೇ ಒಂದು ಐಪಿ ವಿಳಾಸದಿಂದ.