ಎರಡು ಡಿಸ್ಕು, ಒಂದೇ ಅಡಾಪ್ಟರು

ಒಡಿಶಾದ ತಾಲ್ಚೇರ್‌ನಲ್ಲಿ ಹೊರಟ ಕರೆಂಟು ಸುಮಾರು 1,400 ಕಿಲೋಮೀಟರ್ ದಾಟಿ ಕೋಲಾರಕ್ಕೆ ಬರುವುದು ಡಿ.ಸಿ. ರೂಪದಲ್ಲಿ, 500 ಕಿಲೋವೋಲ್ಟ್ ಹೊತ್ತುಕೊಂಡು. 2003ರಲ್ಲಿ ಚಾಲೂ ಆದ ಈ ಲೈನಿನ ಸಾಮರ್ಥ್ಯ ಮೊದಲು 2,000 ಮೆಗಾವ್ಯಾಟ್ ಇತ್ತು, ಆಮೇಲೆ 2,500ಕ್ಕೆ ಏರಿತು. ಕೋಲಾರದ ಪವರ್‌ಗ್ರಿಡ್ ಕೇಂದ್ರದಲ್ಲಿ ಅದು ಎ.ಸಿ.ಯಾಗಿ ಗ್ರಿಡ್ ಸೇರುತ್ತದೆ. ಅದೇ ಗ್ರಿಡ್ಡಿನ ಕರೆಂಟು ಮಾಲೂರಿನ ಫೋಟೋ ಸ್ಟುಡಿಯೋದ ಮೇಜಿನ ಕೆಳಗೆ ತಲುಪಿದಾಗ ಅಂಗೈ ಅಗಲದ ಕಪ್ಪು ಅಡಾಪ್ಟರೊಂದು ಅದನ್ನು ಮತ್ತೆ ಡಿ.ಸಿ. ಮಾಡುತ್ತದೆ, ಈ ಸಲ ಬರೀ 12 ವೋಲ್ಟಿಗೆ. ಎರಡೂ ಕಡೆ ನಡೆಯುವುದು ಒಂದೇ ಜಾತಿಯ ಕೆಲಸ. ಒಂದನ್ನು ಹಗಲೂ ರಾತ್ರಿ ಎಂಜಿನಿಯರುಗಳು ಕಾಯುತ್ತಾರೆ. ಇನ್ನೊಂದರ ಮೇಲೆ ಧೂಳು ಕೂತಿರುತ್ತದೆ. ಚಳಿಗಾಲದಲ್ಲಿ ಬೆಕ್ಕೂ ಕೂತಿರುತ್ತದೆ, ಬೆಚ್ಚಗಿರುತ್ತದಲ್ಲ.

ಈ ಹೋಲಿಕೆ ತಮಾಷೆಗೆ ತೆಗೆದದ್ದಲ್ಲ. ತಾಲ್ಚೇರ್–ಕೋಲಾರ ಮಾರ್ಗಕ್ಕೆ ಎರಡು ಪೋಲ್‌ಗಳಿವೆ. ಒಂದು ಕೈಕೊಟ್ಟರೆ ಇನ್ನೊಂದು ಅರ್ಧ ಹೊರೆಯನ್ನಾದರೂ ಎಳೆಯುತ್ತದೆ. ಮನೆಯ ನ್ಯಾಸ್ ಪೆಟ್ಟಿಗೆಯ ಮಾತು ಬೇರೆ. ವೈಫೈ ರೂಟರಿಗೆ ಜೋಡಿಸಿ, ಮನೆಮಂದಿಯ ಫೋಟೋ, ಮದುವೆ ವಿಡಿಯೋ, ಅಂಗಡಿ ಲೆಕ್ಕ ಎಲ್ಲವನ್ನೂ ತುಂಬಿಡುವ ಈ ಪೆಟ್ಟಿಗೆಯೊಳಗೆ ಎರಡು ಹಾರ್ಡ್‌ಡಿಸ್ಕ್ ಇರುತ್ತವೆ. ಒಂದು ಹೋದರೂ ಇನ್ನೊಂದು ಉಳಿಯಲಿ ಎಂದು ಒಂದರ ಪಡಿಯಚ್ಚು ಇನ್ನೊಂದರಲ್ಲಿ ಬರೆಯಲಾಗುತ್ತದೆ. ಕೊಳ್ಳುವವನಿಗೆ ಅಂಗಡಿಯವನು ಮೊದಲು ಹೇಳುವುದೂ ಅದನ್ನೇ. ಆದರೆ ಆ ಎರಡು ಡಿಸ್ಕುಗಳೂ ನೀರು ಕುಡಿಯುವುದು ಒಂದೇ ನಲ್ಲಿಯಲ್ಲಿ. ಸಿನಾಲಜಿಯ ಡಿಎಸ್218 ಪ್ಲಸ್‌ನಂಥ ಎರಡು ಡಿಸ್ಕಿನ ಪೆಟ್ಟಿಗೆಗೆ ಹೊರಗಡೆ ಇರುವುದು 60 ವ್ಯಾಟಿನ ಒಂದೇ ಅಡಾಪ್ಟರು. ಡೇಟಾ ಸೆಂಟರಿನ ಸರ್ವರುಗಳಿಗೆ ಎರಡೆರಡು ಪವರ್ ಸಪ್ಲೈ ಇಡುವ ಲೋಕ, ಮನೆಗೆ ಬರುವಾಗ ಆ ಜಾಗದಲ್ಲೇ ಕೈ ಬಿಗಿಹಿಡಿದಿದೆ.

ಮೊದಲು ಸಾಯುವುದೂ ಅದೇ. ಅಡಾಪ್ಟರಿನೊಳಗಿನ ಕೆಪಾಸಿಟರುಗಳಲ್ಲಿ ಒದ್ದೆ ರಾಸಾಯನಿಕ ಇರುತ್ತದೆ, ಅದು ಕಾವಿಗೆ ಆರುತ್ತ ಬರುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಎಲೆಕ್ಟ್ರಾನಿಕ್ಸಿನವರ ಹಳೆಯ ಲೆಕ್ಕ. ವರ್ಷವಿಡೀ ಆರಿಸದೆ ಉರಿಯುವ, ಗಾಳಿಯಾಡದ ಮೂಲೆಯಲ್ಲಿ ವೈರುಗಳ ಗೋಜಲಿನಡಿ ಬಿದ್ದಿರುವ ಅಡಾಪ್ಟರಿಗೆ ಈ ಲೆಕ್ಕ ಚೆನ್ನಾಗಿಯೇ ಅನ್ವಯಿಸುತ್ತದೆ. ಮಾಲೂರಿನಲ್ಲಾದರೆ ಇಟ್ಟಿಗೆ, ಹೆಂಚಿನ ಧೂಳು ಅದರ ಮೇಲೊಂದು ಕಂಬಳಿ ಹೊದಿಸುತ್ತದೆ.

ಸಾವು ಒಮ್ಮೆಲೇ ಬರುವುದಿಲ್ಲ, ಅದೇ ಮೋಸ. ಪೆಟ್ಟಿಗೆಯ ದೀಪ ಉರಿಯುತ್ತಲೇ ಇರುತ್ತದೆ. ಡಿಸ್ಕು ತಿರುಗಲು ಹೊರಟು, ಟಿಕ್ಕೆಂದು ನಿಂತು, ಮತ್ತೆ ಹೊರಡುತ್ತದೆ. ದೊಡ್ಡ ಅಳತೆಯ ಒಂದು ಹಾರ್ಡ್‌ಡಿಸ್ಕ್ ತಿರುಗಲು ಶುರುಮಾಡುವ ಆ ಕೆಲವು ಸೆಕೆಂಡು 12 ವೋಲ್ಟಿನಲ್ಲಿ ಎರಡು ಆಂಪಿಯರ್‌ವರೆಗೆ ಎಳೆಯುತ್ತದೆ; ವೇಗ ಹಿಡಿದ ಮೇಲೆ ಅದರ ಕಾಲುಭಾಗದಷ್ಟು ಸಾಕು. ಎರಡು ಡಿಸ್ಕಿಗೆ ನಾಲ್ಕು, ಬೋರ್ಡಿಗೆ ಇನ್ನೊಂದು. 12 ವೋಲ್ಟ್ 5 ಆಂಪಿಯರ್ ಎಂದು ಬರೆದಿರುವುದರ ಗುಟ್ಟು ಇದು. ಮುದಿ ಅಡಾಪ್ಟರು ಈ ಮೊದಲ ಎಳೆತದಲ್ಲೇ ಕುಸಿಯುತ್ತದೆ. ನೋಡುವವನಿಗೆ ಮಾತ್ರ ಡಿಸ್ಕು ಹೋಯಿತು ಎನಿಸುತ್ತದೆ.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಈ ಪೆಟ್ಟಿಗೆಗೆಂದೇ ರಿಪೇರಿ ಅಂಗಡಿ ಹುಡುಕುವುದು ಕಷ್ಟ. ಅದು ಹೋಗುವುದು ಸಿಸಿ ಕ್ಯಾಮೆರಾ ಹಾಕುವವರ ಬಳಿಗೆ, ಇಲ್ಲವೇ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲು, ಲ್ಯಾಪ್‌ಟಾಪು ರಿಪೇರಿಯವರ ಬಳಿಗೆ. ಅಲ್ಲಿನ ಮಾತುಕತೆ ಬಲು ಚುಟುಕು.

“ಪಿನ್ ಕೂರುತ್ತಾ ಅಣ್ಣ?”

“ಕೂರತ್ತೆ ಸಾರ್, ಟ್ವೆಲ್ ವೋಲ್ಟೇ ಐತೆ.”

ಪಿನ್ನು ಕೂತಿತು, ದೀಪ ಹತ್ತಿತು, ಕೆಲಸ ಮುಗಿಯಿತು. ಹಾಗೆ ಕೂರಿಸಿದ್ದು ಕ್ಯಾಮೆರಾ ಡಿವಿಆರ್‌ನ 2 ಆಂಪಿಯರ್ ಅಡಾಪ್ಟರು ಎಂಬುದನ್ನು ಯಾರೂ ಓದುವುದಿಲ್ಲ. ವೋಲ್ಟು ಹೊಂದಬೇಕು, ಆಂಪಿಯರು ಬೇಕಾದಷ್ಟಿರಬೇಕು ಅಥವಾ ಹೆಚ್ಚಿರಬೇಕು. ಈ ಎರಡನೆಯ ಮಾತು ಅಂಗಡಿಯಲ್ಲಿ ಮರೆತೇಹೋಗಿದೆ. ಇನ್ನೂ ಕೆಟ್ಟದ್ದೆಂದರೆ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರುಗಳಲ್ಲೂ ಕೆಲವದರ ಪಿನ್ನು ಇದೇ ತೂತಿಗೆ ಹಾಯಾಗಿ ಕೂರುತ್ತದೆ.

ಹಾಗೆ ಕೂತರೆ ಏನಾಗುತ್ತದೆಂದು ನೋಡಬೇಕು. ಹಾರ್ಡ್‌ಡಿಸ್ಕಿನ ಹಸಿರು ಬೋರ್ಡಿನ ಮೇಲೆ, ಪವರ್ ಪಿನ್ನುಗಳ ಪಕ್ಕದಲ್ಲಿ, ತೊಗರಿಬೇಳೆ ಗಾತ್ರದ ಕಪ್ಪು ಡಯೋಡುಗಳಿರುತ್ತವೆ. ವೋಲ್ಟು ಮಿತಿಮೀರಿದರೆ ತಾವೇ ಶಾರ್ಟ್ ಆಗಿ ಡಿಸ್ಕನ್ನು ಉಳಿಸುವುದಷ್ಟೇ ಅವುಗಳ ಕೆಲಸ. ಆಮೇಲೆ ಡಿಸ್ಕು ಅಲ್ಲಾಡುವುದಿಲ್ಲ, ಸತ್ತಂತೆಯೇ ಕಾಣುತ್ತದೆ. ಬಲ್ಲವರು ಮಲ್ಟಿಮೀಟರಿನಲ್ಲಿ ಶಾರ್ಟ್ ನೋಡಿ, ಆ ಡಯೋಡನ್ನು ಕಿತ್ತು, ಸರಿಯಾದ 12 ವೋಲ್ಟ್ ಕೊಡುತ್ತಾರೆ. ಡಯೋಡು ತಡೆದ ಹೊಡೆತ ಒಳಗೆ ಇಳಿದಿರದಿದ್ದರೆ ಡಿಸ್ಕು ಗುಂಯ್ ಎಂದು ತಿರುಗುತ್ತದೆ. ಕೂಡಲೇ ಎಲ್ಲವನ್ನೂ ಬೇರೆ ಕಡೆ ಇಳಿಸಿಕೊಳ್ಳಬೇಕು. ಕಾವಲುಗಾರನಿಲ್ಲದ ಆ ಡಿಸ್ಕನ್ನು ಮತ್ತೆ ದುಡಿಮೆಗೆ ಹಚ್ಚಬಾರದು. ಬೋರ್ಡು ಬಿಚ್ಚಿ ಒಂದೊಂದೇ ಬಿಡಿಭಾಗ ನೋಡುವ ಈ ಕೈಚಳಕ ಸಣ್ಣ ಊರುಗಳ ರಿಪೇರಿಯವರಲ್ಲಿದೆ. ಇಡೀ ಪೆಟ್ಟಿಗೆ ಬದಲಾಯಿಸಿ ಎನ್ನುವ ಸರ್ವಿಸ್ ಸೆಂಟರಿಗಿಂತ ಇದು ಮೇಲು ಎಂಬುದರಲ್ಲಿ ಅನುಮಾನವಿಲ್ಲ.

ಅವರ ಕೈಯಷ್ಟು ಅವರ ಪರೀಕ್ಷೆ ಚುರುಕಾಗಿಲ್ಲ. ಮಲ್ಟಿಮೀಟರ್ ಇಟ್ಟಾಗ 12.1 ತೋರಿಸಿದರೆ ಅಡಾಪ್ಟರು ಚೆನ್ನಾಗಿದೆ ಎಂದು ಬದಿಗಿಡುತ್ತಾರೆ. ಹೊರೆಯಿಲ್ಲದಾಗ ಮುದುಕನೂ ನೆಟ್ಟಗೇ ನಿಲ್ಲುತ್ತಾನೆ. ಆಟೋ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟಿನ ಎರಡು ಬಲ್ಬು ತಂದು, ಎರಡನ್ನೂ ಪ್ಯಾರಲಲ್ ಆಗಿ ಜೋಡಿಸಿದರೆ ಸುಮಾರು ಮೂರೂವರೆ ಆಂಪಿಯರ್ ಎಳೆತ ಸಿಗುತ್ತದೆ. ಆಗಲೂ ಮೀಟರು ಹನ್ನೆರಡರ ಆಸುಪಾಸಿನಲ್ಲಿ ನಿಂತರೆ ಸರಿ. ಹತ್ತಕ್ಕೆ ಜಾರಿದರೆ, ಬಲ್ಬು ಮಿಣಮಿಣ ಎಂದರೆ, ಕಳ್ಳ ಸಿಕ್ಕ. ಕೆಲವು ರೂಪಾಯಿಯ ಈ ಪರೀಕ್ಷೆ ಮಾಡದೆ ಹೊಸ ಡಿಸ್ಕಿಗೆ ಸಾವಿರಗಟ್ಟಲೆ ಸುರಿಯುವುದು ರೂಢಿಯಾಗಿದೆ.

ಉಲ್ಟಾ ತಪ್ಪೂ ಉಂಟು. 2017ರಲ್ಲಿ ಇಂಟೆಲ್‌ನ ಆಟಮ್ ಸಿ2000 ಚಿಪ್ಪುಗಳ ಕ್ಲಾಕ್ ದೋಷ ಬಯಲಾಯಿತು. ಸಿನಾಲಜಿಯ ಡಿಎಸ್415 ಪ್ಲಸ್, ಡಿಎಸ್1815 ಪ್ಲಸ್ ಮುಂತಾದವು ಅದರಿಂದ ಸತ್ತಾಗ ಪವರ್ ಸಪ್ಲೈ ಹೋದಂತೆಯೇ ಕಾಣುತ್ತಿದ್ದವು. ಕಂಪನಿ ವಾರಂಟಿ ಅವಧಿ ಹೆಚ್ಚಿಸಬೇಕಾಯಿತು. ಅಲ್ಲಿ ಎಷ್ಟು ಪವರ್ ಸಪ್ಲೈ ಬದಲಿಸಿದರೂ ಪ್ರಯೋಜನವಿರಲಿಲ್ಲ.

ಇನ್ನು ನಮ್ಮ ಲೈನಿನ ವಿಷಯ. ಕರೆಂಟು ಹೋಗುವುದಕ್ಕಿಂತ ಅದು ಬರುವ ರೀತಿಯೇ ಅಪಾಯ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಕಾಯಿ ಉದುರುವ ಹೊತ್ತಿಗೇ ಕೊಂಬೆ ಬಿದ್ದು ತಂತಿಯೂ ತುಂಡಾಗುತ್ತದೆ. ತುಂಡಾದದ್ದು ನ್ಯೂಟ್ರಲ್ ತಂತಿಯಾದರೆ 230 ವೋಲ್ಟಿರಬೇಕಾದ ಮನೆಗೆ ಎರಡು ಫೇಸುಗಳ ನಡುವಿನ 400 ವೋಲ್ಟಿನ ಹತ್ತಿರದವರೆಗೂ ನುಗ್ಗಬಹುದು. 230 ವೋಲ್ಟ್ ಎ.ಸಿ.ಯ ಅಲೆಯ ತುದಿಯೇ 325 ವೋಲ್ಟು. ಅದನ್ನು ತಡೆಯಲು ಅಡಾಪ್ಟರಿನೊಳಗಿನ ದೊಡ್ಡ ಕೆಪಾಸಿಟರಿಗೆ ಸಾಮಾನ್ಯವಾಗಿ 400ರ ಮಿತಿ ಇಟ್ಟಿರುತ್ತಾರೆ. ಅಲೆಯ ತುದಿ ಐನೂರು ದಾಟಿದರೆ ಪಟ್ಟೆಂದು ಒಡೆಯುತ್ತದೆ, ಕೋಣೆ ತುಂಬ ಸುಟ್ಟ ವಾಸನೆ. ಒಳ್ಳೆಯ ಅಡಾಪ್ಟರಾದರೆ ಫ್ಯೂಸು ಹಾರಿ ಅಷ್ಟಕ್ಕೇ ನಿಲ್ಲುತ್ತದೆ. ಹಾರಿದ ಫ್ಯೂಸಿನ ಜಾಗಕ್ಕೆ ವೈರಿನ ಒಂದು ಎಳೆ ಬೆಸೆದು ಕೊಡುವ ಅಭ್ಯಾಸ ಇದೆಯಲ್ಲ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

“ಮನೇಲಿ ಇನ್ವರ್ಟರ್ ಇದೆ” ಎಂಬ ಧೈರ್ಯವೂ ಅರ್ಧ ಸತ್ಯ. ಕರೆಂಟು ಇರುವಷ್ಟು ಹೊತ್ತು ಸಾಧಾರಣ ಇನ್ವರ್ಟರು ಬೀದಿಯ ವೋಲ್ಟನ್ನೇ ಒಳಗೆ ಬಿಡುತ್ತದೆ. ಅದರ ಹಿಂಬದಿಯಲ್ಲಿ ಯುಪಿಎಸ್, ನಾರ್ಮಲ್ ಎಂಬ ಸ್ವಿಚ್ಚಿರುತ್ತದೆ. ವೋಲ್ಟು ಇಳಿದಾಗಲೆಲ್ಲ ಬ್ಯಾಟರಿ ಖರ್ಚಾಗದಿರಲಿ ಎಂದು ಅದನ್ನು ನಾರ್ಮಲ್‌ಗೆ ತಳ್ಳಿಬಿಡುತ್ತಾರೆ. ಆಗ ಮೇನ್ಸಿನಿಂದ ಬ್ಯಾಟರಿಗೆ ಹೊರಳಲು ಹಿಡಿಯುವ ಮಿಲಿಸೆಕೆಂಡುಗಳು ಹೆಚ್ಚುತ್ತವೆ. ಫ್ಯಾನಿಗೆ ಗೊತ್ತೇ ಆಗದ ಆ ಅಂತರದಲ್ಲಿ ನ್ಯಾಸ್ ಆರಿ ಹತ್ತುತ್ತದೆ, ಬರೆಯುತ್ತಿದ್ದ ಕಡತವನ್ನು ಅರ್ಧಕ್ಕೇ ಬಿಟ್ಟು. ರೂಟರಿಗೆಂದು ಬಂದ ಪುಟ್ಟ 12 ವೋಲ್ಟ್ ಯುಪಿಎಸ್‌ಗಳನ್ನು ಇದಕ್ಕೆ ಚುಚ್ಚುವವರೂ ಇದ್ದಾರೆ. ರೂಟರಿಗೆ ಅದು ಬಂಗಾರ, ಎರಡು ಡಿಸ್ಕಿನ ಮುಂದೆ ಅದಕ್ಕೆ ತ್ರಾಣವಿಲ್ಲ. ಬೇಕಾದದ್ದು ಯುಎಸ್‌ಬಿ ವೈರಿನ ಮೂಲಕ ‘ಬ್ಯಾಟರಿ ಮುಗಿಯುತ್ತಿದೆ’ ಎಂದು ಪೆಟ್ಟಿಗೆಗೆ ತಿಳಿಸಿ, ಅದು ತಾನೇ ಬಾಗಿಲು ಹಾಕಿಕೊಳ್ಳುವಂತೆ ಮಾಡುವ ಯುಪಿಎಸ್. ಅಗ್ಗದ 600 ವಿಎ ಮಾದರಿಗಳಲ್ಲಿ ಅನೇಕಕ್ಕೆ ಆ ಕಿಂಡಿಯೇ ಇರುವುದಿಲ್ಲ. ಕೊಳ್ಳುವ ಮುಂಚೆ ಹಿಂದೆ ತಿರುಗಿಸಿ ನೋಡಬೇಕಾದ ಜಾಗ ಅದು.

ತಯಾರಕರನ್ನೂ ಸುಮ್ಮನೆ ಬಿಡುವಂತಿಲ್ಲ. ನಾಲ್ಕು ಡಿಸ್ಕಿನ ಕೆಲವು ಪೆಟ್ಟಿಗೆಗಳಿಗೆ ನಾಲ್ಕು ಪಿನ್ನಿನ ವಿಶೇಷ ಕನೆಕ್ಟರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಡಾಪ್ಟರುಗಳ ರಾಶಿಯೇ ಇದ್ದರೂ ಇದು ಕೇಳಿದ ತಕ್ಷಣ ಸಿಗುವ ಮಾಲಲ್ಲ. ಕೋಲಾರದಿಂದ ಎಪ್ಪತ್ತು ಕಿಲೋಮೀಟರ್ ಬಂದವನು ಬರಿಗೈಯಲ್ಲಿ ಹಿಂತಿರುಗುತ್ತಾನೆ. ಪೆಟ್ಟಿಗೆಯ ಜೊತೆಗೇ ಎರಡನೆಯ ಅಡಾಪ್ಟರು ಕೊಟ್ಟರೆ ಇಡೀ ಸಾಮಾನಿನ ಬೆಲೆಯಲ್ಲಿ ಅದು ಸಣ್ಣ ಬಾಬತ್ತು. ಕೊಡುವುದಿಲ್ಲ. ಆದ್ದರಿಂದ ಪೆಟ್ಟಿಗೆ ಹೊಸದಿರುವಾಗಲೇ ಇನ್ನೊಂದನ್ನು ತಂದು, ಮಾರ್ಕರಿನಲ್ಲಿ ‘ನ್ಯಾಸ್, 12 ವೋಲ್ಟ್ 5 ಆಂಪಿಯರ್’ ಎಂದು ಬರೆದು ಬೀರುವಿನಲ್ಲಿಟ್ಟವರ ಪದ್ಧತಿಗೇ ಪೂರ್ತಿ ಅಂಕ.

ಎಲ್ಲಕ್ಕಿಂತ ದೊಡ್ಡ ಅನಾಹುತ ಅಡಾಪ್ಟರಿನಿಂದಲ್ಲ, ಅವಸರದಿಂದ ಆಗುತ್ತದೆ. ಕುಂಟುವ ಅಡಾಪ್ಟರಿನಲ್ಲಿ ಒಂದು ಡಿಸ್ಕು ಜೋಡಿಯಿಂದ ಕಳಚಿಕೊಂಡಾಗ ಹೊಸ ಡಿಸ್ಕು ಹಾಕಿ ‘ರಿಪೇರ್’ ಒತ್ತುತ್ತಾರೆ. ಗಂಟೆಗಟ್ಟಲೆ ನಡೆಯುವ ಆ ನಕಲು ಕೆಲಸ ಅದೇ ಕುಂಟು ಅಡಾಪ್ಟರಿನ ಮೇಲೆ ಬೀಳುತ್ತದೆ, ನಡುವೆ ಉಳಿದ ಡಿಸ್ಕೂ ಕೈಬಿಡಬಹುದು. ಇಲ್ಲವೇ ಪೆಟ್ಟಿಗೆ ಸತ್ತಿತೆಂದು ಡಿಸ್ಕು ಹೊರತೆಗೆದು ಅಂಗಡಿಯ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸುತ್ತಾರೆ. ಈ ಪೆಟ್ಟಿಗೆಗಳು ಬರೆಯುವುದು ಲಿನಕ್ಸ್ ಲಿಪಿಯಲ್ಲಿ. ಉಬುಂಟು ಹಾಕಿದ ಹಳೆಯ ಲ್ಯಾಪ್‌ಟಾಪೊಂದು ಅದನ್ನು ಓದಬಲ್ಲದು. ವಿಂಡೋಸಿಗೆ ಅದು ಖಾಲಿ ಡಿಸ್ಕಿನಂತೆ ಕಾಣುತ್ತದೆ. ಹತ್ತು ವರ್ಷದ ಮದುವೆ ಆಲ್ಬಮ್ಮುಗಳನ್ನು ಎದುರಿಗಿಟ್ಟುಕೊಂಡೇ, ಫಾರ್ಮ್ಯಾಟ್ ಮಾಡಲೇ ಎಂದು ವಿನಯದಿಂದ ಕೇಳುತ್ತದೆ. ಕೌಂಟರಿನ ಹಿಂದಿನ ಹುಡುಗ ಓಕೆ ಒತ್ತುತ್ತಾನೆ.