ಹರಕೆ ಮುಟ್ಟಿತು, ಭಸ್ಮಾಸುರ ಮುಟ್ಟಲಿಲ್ಲ

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟೆಗೆ ಹೋಗುವ ಹೆದ್ದಾರಿ ಬದಿಯ ಸಣ್ಣ ಕಿರಾಣಿ ಅಂಗಡಿಗಳಲ್ಲಿ ಎರಡು ಕಾಗದಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಗಲ್ಲಾಪೆಟ್ಟಿಗೆಯ ಮೇಲ್ಗಡೆ ಇಡಗುಂಜಿ ಗಣಪತಿಯ ಪಟ; ಬಾಗಿಲ ಹಲಗೆಯ ಮೇಲೆ ಯಕ್ಷಗಾನದ ಕರಪತ್ರ. ಬೆಳಿಗ್ಗೆ ಊದಬತ್ತಿ ಹಚ್ಚುವುದು ಪಟಕ್ಕೇ ಆದರೂ ಹೊಗೆ ಎರಡಕ್ಕೂ ತಾಗುತ್ತದೆ. ನಮ್ಮ ಯಕ್ಷಗಾನ ವಿಮರ್ಶೆ ಮಾತ್ರ ಈ ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿಟ್ಟು ಓದುತ್ತ ಬಂದಿದೆ. ಒಂದು ಕಲೆ, ಇನ್ನೊಂದು ನಂಬಿಕೆ. ಈ ಓದಿನಲ್ಲಿ ಏನೋ ತಪ್ಪಿದೆ ಎಂದು ನನಗೆ ತಿಳಿದದ್ದು ಒಬ್ಬ ಅಂಗಡಿಕಾರರಿಂದ.

ಹೊನ್ನಾವರ ತಾಲೂಕಿನ ಅವರು ಕೆಲವು ವರ್ಷಗಳ ಹಿಂದೆ ಹರಕೆಯ ಆಟ ಆಡಿಸಿದರು. ಮಗಳ ಕಾಯಿಲೆ ವಾಸಿಯಾದರೆ ಒಂದು ಆಟ ಎಂದು ಹೇಳಿಕೊಂಡಿದ್ದರಂತೆ. ಸಣ್ಣ ಅಂಗಡಿಯ ದುಡಿಮೆಗೆ ಅದು ಹಗುರದ ಖರ್ಚಲ್ಲ. ಭಾವನೂ ಕೈ ಜೋಡಿಸಿದ್ದ. ಚೌಕಿಪೂಜೆಯ ಪ್ರಸಾದ ತೆಗೆದುಕೊಂಡು ಮುಂದಿನ ಸಾಲಿನಲ್ಲಿ ಕುಳಿತವರು ಬೆಳಗಿನ ಮಂಗಳದವರೆಗೆ ಏಳಲಿಲ್ಲ. ಮಾರನೆಯ ದಿನ ಅಂಗಡಿಗೆ ಹೋಗಿ, “ಆಟ ಹೆಂಗಾತು ನಾಯ್ಕರೆ?” ಎಂದು ಕೇಳಿದೆ. ಬೆಲ್ಲ ತೂಗುತ್ತಿದ್ದವರು ತಲೆ ಎತ್ತದೆ ಹೇಳಿದರು: “ಹರಕೆ ಮುಟ್ತು ಮಾರಾಯ. ಭಸ್ಮಾಸುರ ಮುಟ್ಲಿಲ್ಲ.”

ಯಾಕೆ ಎಂದೆ. “ವರ ಸಿಕ್ಕಿದ ಕೂಡ್ಲೆ ಸೊಕ್ಕು ಬಂದುಬಿಡ್ತು ಅವ್ನಿಗೆ. ಹಾಗಲ್ಲ ಅದು. ಕೇಳಿದ್ದು ಸಿಕ್ಕಿದ್ರೆ ಮೊದ್ಲು ನಂಬೂಕೇ ಆಗೂದಿಲ್ಲ. ಹೌದೋ ಅಲ್ವೋ ಅಂತ ಕೈ ನೋಡ್ಕೊಬೇಕು. ಸೊಕ್ಕು ಆಮೇಲೆ.”

ಉರಿಹಸ್ತ ಪಡೆದ ಅಸುರ ಮೊದಲು ತನ್ನ ಕೈಯನ್ನೇ ಬೆರಗಿನಿಂದ ನೋಡಬೇಕು ಎನ್ನುವ ಈ ಮಾತು ಪಾತ್ರವಿಮರ್ಶೆಯೇ ಹೌದು. ಇದು ಅವರಿಗೆ ರಂಗಶಾಸ್ತ್ರದಿಂದ ಬಂದದ್ದಲ್ಲ. ಕೇಳಿಕೊಂಡು, ಕಾದು, ಸಿಕ್ಕಾಗ ನಂಬಲಾಗದೆ ನಿಂತವರ ಅನುಭವದಿಂದ ಬಂದದ್ದು. ನಂಬಿಕೆ ಇಲ್ಲಿ ರುಚಿಗೆ ಅಡ್ಡ ಬಂದಿಲ್ಲ, ಅಳತೆಗೋಲನ್ನೇ ಕೊಟ್ಟಿದೆ.

ಯಕ್ಷಗಾನವನ್ನು ಕಲೆಯಾಗಿ ನೋಡುವ ಕಣ್ಣು ನಮಗೆ ಬಂದದ್ದರಲ್ಲಿ ಶಿವರಾಮ ಕಾರಂತರ ಪಾಲು ದೊಡ್ಡದು. 1957ರ ‘ಯಕ್ಷಗಾನ ಬಯಲಾಟ’ ಅದರ ಹಾಡು, ಕುಣಿತ, ವೇಷಗಳ ಬಗ್ಗೆ ಗಂಭೀರವಾಗಿ ಮಾತಾಡುವ ಭಾಷೆ ಕೊಟ್ಟಿತು. ತಮ್ಮ ಪ್ರಯೋಗಗಳಲ್ಲಿ ಅವರು ಮಾತನ್ನು ಕಡಿಮೆ ಮಾಡಿ, ಆಟವನ್ನು ಕಿರಿದಾಗಿಸಿದರು. ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ಆ ದಾರಿಯಲ್ಲಿ ನಡೆದ ನಮಗೆ ಹರಕೆಯ ಆಟ ಎಂದರೆ ಕಲೆಗಿಂತ ಒಂದು ಮೆಟ್ಟಿಲು ಕೆಳಗಿನದು ಎನ್ನಿಸತೊಡಗಿತು. ದೂರುಗಳು ಸುಳ್ಳೂ ಅಲ್ಲ. ದಿನಾ ರಾತ್ರಿ ಕುಣಿದು ದಣಿದ ಕಲಾವಿದರು, ತಿರುತಿರುಗಿ ಅದೇ ಪ್ರಸಂಗ, ನಡುರಾತ್ರಿ ಕಳೆದರೆ ಖಾಲಿ ಕುರ್ಚಿ. ದೇವರು ನೋಡುತ್ತಾನಲ್ಲ ಎಂದು ವೇಷಧಾರಿ ಮೈಗಳ್ಳತನ ಮಾಡಿದರೆ ಅದನ್ನು ಭಕ್ತಿಯ ಹೆಸರಿನಲ್ಲಿ ಮುಚ್ಚಬಾರದು. ನಾಯ್ಕರು ಮುಚ್ಚಲಿಲ್ಲ ಎಂಬುದೇ ಇಲ್ಲಿ ಮುಖ್ಯ.

ಈ ಕಡೆಯ ಕಲಾವಿದರೂ ಕಲೆ, ಸೇವೆ ಎಂದು ಗೆರೆ ಎಳೆದು ಬದುಕಿದವರಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮಂಡಳಿ ಇಡಗುಂಜಿ ಮಹಾಗಣಪತಿಯ ಹೆಸರಿನದು. ಅವರ ಮಗ ಶಂಭು ಹೆಗಡೆ ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯಸಂಯೋಜನೆ ಕಲಿತು ಬಂದು ರಂಗಕ್ಕೆ ಶಿಸ್ತು ತಂದವರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯ ರಥೋತ್ಸವದ ಆಟದಲ್ಲಿ ರಾಮನ ವೇಷ ಮಾಡಿದ ರಾತ್ರಿಯೇ ಅವರು ತೀರಿಕೊಂಡರು. ಇನ್ನು ಭಸ್ಮಾಸುರನ ಮಾತು ಬಂದರೆ, ಹೊನ್ನಾವರ ಸೀಮೆಯ ಪ್ರೇಕ್ಷಕರ ಕಣ್ಣಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ವೇಷ ಇನ್ನೂ ಮಾಸಿಲ್ಲ. ನಾಯ್ಕರೂ ಅವರನ್ನು ನೋಡಿ ಬೆಳೆದವರು.

ಭಟ್ಕಳದಲ್ಲಿ 16ನೇ ಶತಮಾನದ ಖೇತಪೈ ನಾರಾಯಣ ದೇವಾಲಯವಿದೆ. ಗೋಡೆಯ ಕಲ್ಲುಗಳಲ್ಲಿ ರಾಮಾಯಣದ ಕತೆಯಿದೆ. ಗುಡಿ ಕಟ್ಟಿಸಿದವನ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ, ಕೆತ್ತಿದವನ ಹೆಸರಿಲ್ಲ. ಯಕ್ಷಗಾನದಲ್ಲಿ ಇದು ತಿರುವುಮುರುವು. ವೇಷಧಾರಿಯ ಹೆಸರು ಉಳಿಯುತ್ತದೆ. ಆಡಿಸಿದ ಸೇವಾಕರ್ತರ ಹೆಸರು ಆ ರಾತ್ರಿ ಮೈಕಿನಲ್ಲಿ ಒಮ್ಮೆ ಕೇಳಿ, ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತದೆ. ಕಲಾವಿದನಿಗೆ ಸಿಗಬೇಕಾದ ಮನ್ನಣೆ ಸಿಕ್ಕಿತು, ಸರಿ. ಆದರೆ ಎದುರಿಗೆ ಕುಳಿತವನನ್ನು ನಾವು ಬರೀ ದುಡ್ಡು ಕೊಟ್ಟ ಭಕ್ತ ಎಂದುಕೊಂಡೆವು. ಅವನಿಗೂ ಒಂದು ಅಭಿಪ್ರಾಯವಿದ್ದೀತು ಎಂದು ಕೇಳಲು ಹೋಗಲಿಲ್ಲ.

ಈಗ ಕಾಲಮಿತಿಯ ಆಟಗಳು ಹೆಚ್ಚಾಗಿವೆ. ಅದರಿಂದ ಕಲೆ ಕೆಟ್ಟಿತೆಂದು ನಾನು ಹೇಳಲಾರೆ. ನನ್ನ ಆತಂಕ ಬೇರೆ. ನಿನ್ನೆಯ ಆಟವನ್ನು ಬೆಲ್ಲ, ಅವಲಕ್ಕಿಯ ಜೊತೆಗೆ ತೂಗುತ್ತಿದ್ದ ಅಂಗಡಿ ಜಗಲಿಗಳು ಒಂದೊಂದಾಗಿ ಮುಚ್ಚುತ್ತಿವೆ. ಅಲ್ಲಿ ನಡೆಯುತ್ತಿದ್ದ ವಿಮರ್ಶೆ ಎಲ್ಲೂ ಅಚ್ಚಾಗಲಿಲ್ಲ. ಆದರೆ ಮರುದಿನ ಜಗಲಿಯಲ್ಲಿ ಏನು ಹೇಳುತ್ತಾರೋ ಎಂಬ ಅಳುಕು ಒಳ್ಳೆಯ ವೇಷಧಾರಿಗೆ ಇದ್ದೇ ಇತ್ತು.

ಮೊನ್ನೆ ನಾಯ್ಕರ ಅಂಗಡಿಗೆ ಹೋದಾಗ ಹಲಗೆಯ ಮೇಲೆ ಹೊಸ ಕರಪತ್ರವಿತ್ತು. ಮತ್ತೆ ಭಸ್ಮಾಸುರ ಮೋಹಿನಿ; ಬೇರೆ ಯಾರದೋ ಹರಕೆ. ಹೋಗ್ತೀರಾ ಎಂದೆ.

“ಹೋಗ್ಬೇಕಲ್ಲ ಮಾರಾಯ,” ಎಂದರು. “ಇವ್ನಾದ್ರೂ ಕೈ ನೋಡ್ಕೊಳ್ತಾನಾ ಅಂತ.”